ನಡುಹಗಲಲ್ಲಿ ಬಿಟ್ಟ ನಾಯಿಗಳು

"ನಿನ್ನ ಕೋಳಿ ಮೂಳೆ ನನ್ನ ನಾಯಿ ಬಾಯಲ್ಲಿ ಸಿಕ್ಕೊಂಡಿದೆ ಕಣೇ, ದರಿದ್ರದವಳೆ! ಅದಕ್ಕೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡ್ತೀನಾ?"

ಇಟ್ಟಿಗೆ ಭಟ್ಟಿಯ ಮಾಲೀಕ ಕೂಗುತ್ತಲೇ ಬಂದ. ಅಚ್ಚಿನಕ್ಕ ಕೈಯಲ್ಲಿದ್ದ ಮಣ್ಣಿನ ಉಂಡೆಯನ್ನು ಅಚ್ಚಿಗೆ ಬಡಿದು, ಮೇಲೆ ಹೆಚ್ಚಾದ ಮಣ್ಣನ್ನು ಸವರಿ, ಹಸಿ ಇಟ್ಟಿಗೆಯನ್ನು ನೆಲಕ್ಕೆ ಮಗುಚಿದಳು. ಆಮೇಲೆ ತಲೆಯೆತ್ತಿದಳು.

"ಕೋಳಿ ತಾನಾಗೇ ಹೋಗಿ ಅದರ ಬಾಯೊಳಗೆ ಕೂತ್ಕೊಳ್ತಾ ಸಾಹುಕಾರ್ರೆ?"

"ನಾಲಿಗೆ ನೋಡು ಮುಂಡೇದು," ಎಂದ ಹಿಂದೆ ನಿಂತಿದ್ದ ಮೇಸ್ತ್ರಿ.

ಆ ಭಟ್ಟಿಯಲ್ಲಿ ಕೆಲಸಕ್ಕೆ ಎಬ್ಬಿಸುವ ಗಂಟೆ ಇರಲಿಲ್ಲ. ನಸುಕಿನಲ್ಲಿ ಮೇಸ್ತ್ರಿ ಎರಡು ನಾಯಿಗಳನ್ನು ಗುಡಿಸಲ ಸಾಲಿಗೆ ಬಿಡುತ್ತಿದ್ದ. ಅವು ಬಾಗಿಲಿಗೆ ಬಂದು ಬೊಗಳಿದರೆ ಜನ ಏಳಬೇಕು. ಎಲ್ಲರೂ ಅಚ್ಚು ಹಿಡಿದ ಮೇಲೆ ನಾಯಿಗಳನ್ನು ಕಟ್ಟುತ್ತಿದ್ದ. ಆಗ ಹೆಂಗಸರು ಬುಟ್ಟಿ ಎತ್ತಿ ಕೋಳಿಗಳನ್ನು ಹೊರಬಿಡುತ್ತಿದ್ದರು. ನಾಯಿ ಹೊರಗಿದ್ದರೆ ಕೋಳಿ ಒಳಗೆ, ಕೋಳಿ ಹೊರಗಿದ್ದರೆ ನಾಯಿ ಸರಪಳಿಯಲ್ಲಿ. ಇದು ಯಾವತ್ತೂ ತಪ್ಪಿರಲಿಲ್ಲ.

ನಿನ್ನೆ ಹೆಂಗಸರು ಇನ್ನೂ ಆರದ ಭಟ್ಟಿಯಿಂದ ಇಟ್ಟಿಗೆ ಇಳಿಸಲು ಒಪ್ಪಲಿಲ್ಲ. ಅಂಗೈ ಬೊಬ್ಬೆ ಏಳುತ್ತದೆ, ನಾಳೆ ಇಳಿಸುತ್ತೇವೆ ಎಂದು ನೆರಳಿಗೆ ಹೋಗಿ ಕೂತರು. ಲಾರಿ ಖಾಲಿ ಹೋಯಿತು.

ಇವತ್ತು ಮಟಮಟ ಮಧ್ಯಾಹ್ನ, ಕೋಳಿಗಳು ಬೂದಿಗುಡ್ಡೆ ಕೆದಕುತ್ತಿದ್ದಾಗ ನಾಯಿಗಳು ಬಂದವು. ಹೆಂಗಸರು ಕೆಸರುಗೈಯಲ್ಲೇ ಓಡಿ ಬರುವಷ್ಟರಲ್ಲಿ ಸಾಲಿನ ತುಂಬ ಪುಕ್ಕ. ಅವು ತಿಂದದ್ದು ಕಡಿಮೆ, ಕೊಂದದ್ದು ಹೆಚ್ಚು. ಅಚ್ಚಿನಕ್ಕನ ನಾದಿನಿಯ ಹುಂಜ ಕತ್ತು ಮುರಿದುಕೊಂಡು ಬಚ್ಚಲ ಮೋರಿಯಲ್ಲಿ ಇನ್ನೂ ರೆಕ್ಕೆ ಬಡಿಯುತ್ತಿತ್ತು. ಇಡೀ ಸಾಲಿನಲ್ಲಿ ಉಳಿದದ್ದು ಒಂದೇ, ಅಚ್ಚಿನಕ್ಕನ ಒಲೆಯ ಹಿಂದೆ ಕಾವಿಗೆ ಕೂತಿದ್ದ ಕರಿ ಹೇಂಟೆ.

ಸರಪಳಿ ತುಂಡಾಯಿತು ಎಂದಿದ್ದ ಮೇಸ್ತ್ರಿ. ಅಚ್ಚಿನಕ್ಕ ಹೋಗಿ ನೋಡಿದ್ದಳು. ಎರಡೂ ಸರಪಳಿಗಳು ಗೂಟದಲ್ಲಿ ಇಡಿಯಾಗಿ ಬಿದ್ದಿದ್ದವು. ಕೊಕ್ಕೆ ಬಿಚ್ಚಿತ್ತು.

"ಇನ್ಮೇಲೆ ಈ ಸಾಲಲ್ಲಿ ಒಂದು ಪುಕ್ಕಾನೂ ಕಾಣಬಾರದು," ಎಂದ ಮಾಲೀಕ. "ಕೋಳಿ ಇದ್ರೆ ತಾನೆ ನಾಯಿ ಕೆಡೋದು? ಒಲೆ ಹಿಂದೆ ಒಂದು ಕೂತಿದೆಯಂತಲ್ಲ, ಅದನ್ನ ಸಂಜೆಗೆ ನಮ್ಮ ಅಡುಗೆಮನೆಗೆ ಕಳಿಸು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ನಾದಿನಿ ಗೊಣಗಿದಳು. "ನಾಯಿ ತಿಂದು ಉಳಿದಿದ್ದು ನಾಯಿ ಸಾಕಿದೋನಿಗಾ ಅತ್ತಿಗೆ?"

ಮೇಸ್ತ್ರಿ ಕಂದು ನಾಯಿಯನ್ನು ಎಳೆದು ತಂದ. ಅದರ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿತ್ತು. ಮೂಳೆ ತೆಗೆಯಲು ಹೋಗಿ ಕಚ್ಚಿಸಿಕೊಂಡ ಮೇಸ್ತ್ರಿಯ ಕೈಗೆ ಆಗಲೇ ಬಟ್ಟೆ ಸುತ್ತಿತ್ತು.

"ದಿನಾ ಅದಕ್ಕೆ ಬೇಯಿಸಿ ಹಾಕೋಳು ನೀನೇ. ನಿನಗಾದ್ರೆ ಬಾಯಿ ಬಿಡುತ್ತೆ. ತೆಗಿ," ಎಂದ ಮಾಲೀಕ.

ಅಚ್ಚಿನಕ್ಕ ಕುಕ್ಕರಗಾಲಲ್ಲಿ ಕೂತಳು. ನಾಯಿ ಬಂದು ಅವಳ ತೊಡೆಗೆ ತಲೆಯಿಟ್ಟಿತು. ದವಡೆ ಬಿಡಿಸಿ ಕೈ ತೂರಿಸಿದಳು. ಹಿಂದಿನ ಹಲ್ಲುಗಳ ನಡುವೆ, ಅಂಗುಳಕ್ಕೆ ಅಡ್ಡವಾಗಿ ಮೂಳೆ ಸಿಕ್ಕಿತ್ತು. ಬೆರಳಿಗೆ ಸಿಕ್ಕಿತು, ಅಲ್ಲಾಡಿತು. ಒಮ್ಮೆ ಎಳೆದರೆ ಸಾಕಿತ್ತು.

ಅವಳು ಎಳೆಯಲಿಲ್ಲ.

"ಸರಪಳಿ ಬಿಚ್ಚಿಸಿದ್ದು ಯಾರು?"

"ಏನಂದೆ?"

"ಎಲ್ಲರ ಮುಂದೆ ಹೇಳಿ. ಬಿಚ್ಚಿಸಿದ್ದು ನಾನೇ ಅನ್ನಿ, ಇನ್ನು ಹಗಲು ಹೊತ್ತು ಬಿಡಿಸಲ್ಲ ಅನ್ನಿ. ನನ್ನ ಹೇಂಟೆ ಎಲ್ಲಿದೆಯೋ ಅಲ್ಲೇ ಇರುತ್ತೆ ಅನ್ನಿ. ಮೂಳೆ ನನ್ನ ಬೆರಳಲ್ಲಿದೆ."

"ತುಂಡಾಯ್ತು ಅಂದೆನಲ್ಲ..." ಮೇಸ್ತ್ರಿ ಬಾಯಿ ಹಾಕಿದ.

"ನೀನು ಸುಮ್ನಿರಣ್ಣ. ಬಿಚ್ಚಿದ ಕೈನ ಕೇಳ್ತಿಲ್ಲ, ಬಿಚ್ಚು ಅಂದ ಬಾಯಿನ ಕೇಳ್ತಿದೀನಿ."

"ಸೂಳೆಮುಂಡೆ, ಎಳಿಯೇ!" ಮಾಲೀಕ ಮೇಸ್ತ್ರಿಯ ದೊಣ್ಣೆ ಕಿತ್ತುಕೊಂಡು ಎತ್ತಿದ.

"ಹೊಡೀರಿ. ಹೊಡೆದ್ರೆ ನಾಯಿ ಬೆದರಿ ಬಾಯಿ ಮುಚ್ಚುತ್ತೆ. ನನ್ನ ಕೈ ಹೋಗುತ್ತೆ. ಮೂಳೆ ಒಳಕ್ಕೆ ಇಳಿಯುತ್ತೆ. ಆಮೇಲೆ ಯಾರು ತೆಗೀತಾರೋ ನೋಡ್ಕೊಳ್ಳಿ."

ದೊಣ್ಣೆ ಮೇಲೇ ನಿಂತಿತು. ಅಚ್ಚು ಬಡಿಯುವ ಸದ್ದು ಒಂದೊಂದಾಗಿ ನಿಂತುಹೋಯಿತು. ಹೆಂಗಸರು ಎದ್ದು ಬಂದರು. ನಾದಿನಿ ಅತ್ತಿಗೆಯ ಬೆನ್ನಿಗೆ ಮೊಣಕಾಲು ಒತ್ತಿ ನಿಂತಳು.

"ಹೇಳ್ರೀ," ಎಂದಳು ನಾದಿನಿ.

"ಹೇಳಿ," ಎಂದಿತು ಹಿಂದಿನಿಂದ ಇನ್ನೊಂದು ದನಿ.

ನಾಯಿ ಸುಸ್ತಾಗಿತ್ತು. ಅದರ ದವಡೆ ತಾನಾಗಿ ಬಿಗಿಯತೊಡಗಿತು. ಹಲ್ಲು ಮಣಿಕಟ್ಟಿನ ಒಣಗಿದ ಮಣ್ಣನ್ನು ಒಡೆದು ಚರ್ಮಕ್ಕೆ ಇಳಿಯಿತು. ರಕ್ತ ಜೊಲ್ಲಿನ ಜೊತೆ ಬೆರೆತು ಅವಳ ಮೊಣಕೈವರೆಗೆ ಹರಿದು, ಮಾಲೀಕನ ಚಪ್ಪಲಿಯ ಮುಂದೆ ತೊಟ್ಟಿಕ್ಕಿತು. ಅಚ್ಚಿನಕ್ಕ ಕೈ ಹೊರಗೆ ತೆಗೆಯಲಿಲ್ಲ. ಮಾಲೀಕನ ಬಾಯಿಯನ್ನೇ ನೋಡುತ್ತಿದ್ದಳು.