ಎಂಟು ಕಾಳು

“ಐದು, ಆರು, ಏಳು...” ಎನೈದಾ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದಳು. ಇನ್ನೊಂದು ಕೈಯಿಂದ ಬಗ್ಗಿಸುತ್ತಿದ್ದ ಕಾಫಿ ಲೋಟ ತುಂಬಿ ಮೇಜಿನ ಮೇಲೆಲ್ಲ ಹರಿಯಿತು.

“ಲೋಟಕ್ಕೆ ಹಾಕೇ, ಮೇಜು ಕಾಫಿ ಕುಡಿಯಲ್ಲ,” ಎಂದು ನೆರೆಮನೆಯ ಮಿಗ್ದಾಲಿಯಾ ಬಟ್ಟೆ ತಂದು ಒರೆಸಿದಳು. “ಎಷ್ಟು ಸಾಲಾಯ್ತು?”

“ನಾಲ್ಕು.”

“ಹತ್ತು ಬೇಕು. ಪಾದ್ರಿಗಳು ಆಗ್ಲೇ ಎರಡು ಸಲ ಗಡಿಯಾರ ನೋಡಿದ್ರು.”

ಅದು ಉಬಾಲ್ದಿನಾ ಟೀಚರ ಮನೆಯಂಗಳ; ಒಳಗೆ ಅವರ ಶವಪೆಟ್ಟಿಗೆ ಕಾಯುತ್ತಿತ್ತು. ಆ ಹಳ್ಳಿಯಲ್ಲಿ ಪದ್ಯ ಕಲಿಸಿದವರು ಸತ್ತರೆ, ಅವರ ಮೊದಲ ಶಿಷ್ಯ ಹತ್ತು ಸಾಲಿನ ಪದ್ಯ ಕಟ್ಟಿ ಹಾಡದೆ ಪೆಟ್ಟಿಗೆ ಎತ್ತುವಂತಿಲ್ಲ. ಸಾಲಿಗೆ ಎಂಟೇ ಅಕ್ಷರ. ಹತ್ತನೆಯ ಸಾಲನ್ನು ಸತ್ತವರೇ ಬರೆದಿಟ್ಟಿರುತ್ತಾರೆ; ಉಳಿದ ಒಂಬತ್ತು ಅಲ್ಲಿಗೆ ಹೋಗಿ ಮುಟ್ಟಬೇಕು. ಟೀಚರು ಬಿಟ್ಟುಹೋದ ಚೀಟಿಯನ್ನು ಬೆಳಿಗ್ಗೆ ಬಿಡಿಸಿ ಓದಿದಾಗ ಅಳುತ್ತಿದ್ದವರೂ ನಕ್ಕರು: ಗೇಟು ಹಾಕಿ, ಕೋಳಿ ಇವೆ.

ಟೀಚರ ಮೊದಲ ಶಿಷ್ಯೆ ಎನೈದಾ. ಮೀನಿನ ಬುಟ್ಟಿ ಹೊತ್ತು ಊರೂರು ಸುತ್ತುವ ಅವಳ ಬಾಯಿಗೆ ಹೆದರದವರಿಲ್ಲ. ಆದರೆ ಆ ಬಾಯಿ ನಲವತ್ತು ವರ್ಷದಿಂದ ಒಂದು ಪದ್ಯ ಕಟ್ಟಿರಲಿಲ್ಲ. ಇಷ್ಟು ಜನರ ಮುಂದೆ ತಡವರಿಸಿದರೆ ಟೀಚರ ಮಾನ ಹೋಗುತ್ತದೆಂದು ಅವಳಿಗೆ ಭಯ.

ಹೆಡ್‌ಮಾಸ್ತರ ಇಸೀದ್ರೋ ಲೋಟ ಎತ್ತಿಕೊಂಡ. ಅವನೂ ಟೀಚರ ಶಿಷ್ಯನೇ. “ಶುಕ್ರವಾರದ ಪದ್ಯದ ಪಾಠ ಇನ್ನು ಯಾರು ಮಾಡ್ತಾರೆ? ಮುಂದಿನ ವಾರದಿಂದ ಆ ಹೊತ್ತನ್ನ ಲೆಕ್ಕದ ಪಾಠಕ್ಕೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ ಎನೈದಾ, ಆರು ವರ್ಷದ ಮಕ್ಕಳಿಗೆ ಪದ್ಯ ಕಲಿಸಿದ್ರೆ ಉಳಿಯೋದೇನು? ನಿನ್ನೇ ನೋಡು.”

ಆ ಮಾತಿಗೆ ಎನೈದಾಳ ಬೆರಳೆಣಿಕೆ ತಪ್ಪಿತು. ಇದ್ದ ನಾಲ್ಕು ಸಾಲೂ ಕೈಬಿಡುವಂತಾಯಿತು.

*

ಆಗ ಅವಳಿಗೆ ಏಳು ವರ್ಷ. ಇದೇ ಅಂಗಳದ ಮಾವಿನ ಮರದಡಿ ಟೀಚರು ಅವಳ ಅಂಗೈಗೆ ಎಂಟು ಹುರುಳಿಕಾಳು ಹಾಕಿ, “ಅಕ್ಷರಕ್ಕೊಂದು ಕಾಳು ಇಡು. ನಿನ್ನ ಕೊನೇ ಸಾಲು, ‘ಮನೇಲಿ ಉಪ್ಪು ಮುಗೀತು’,” ಎಂದರು.

“ನಂಗೆ ಬರಲ್ಲ ಟೀಚರ್.” ಎನೈದಾ ಅಳತೊಡಗಿದಳು.

“ಕೊನೆ ಗೊತ್ತಾಯ್ತಲ್ಲ, ಇನ್ನೇನು ಭಯ? ಮನೆ ಎಲ್ಲಿದೆ ಅಂತ ಗೊತ್ತಿರೋಳು ದಾರಿ ತಪ್ಪಿದ್ರೂ ಮನೆ ಸೇರ್ತಾಳೆ. ಅತ್ಕೊಂಡೇ ಕಟ್ಟು, ಪರವಾಗಿಲ್ಲ.”

ಅತ್ತುಕೊಂಡೇ ಕಟ್ಟಿದಳು. ಸಂಜೆ ಮಕ್ಕಳೆಲ್ಲ ಗೇಟು ದಾಟಿ ಓಡುವಾಗ ಟೀಚರು ದಿನವೂ ಕೂಗುವ ಅದೇ ಮಾತನ್ನು ಹಿಂದಿನಿಂದ ಕೂಗಿದರು.

*

ಪೆಟ್ಟಿಗೆಯ ಪಕ್ಕ ಕೂತ ಕ್ರಿಸಾಂತೋ ಮುದುಕ ಗಿಟಾರಿನ ತಂತಿ ಮೀಟಿದ. ಎನೈದಾ ಪೆಟ್ಟಿಗೆಯ ತಲೆಯ ಕಡೆ ನಿಂತಳು.

*ಎಂಟು ಕಾಳು ಕೊಟ್ಟೆ ನೀನು*
*ಎಣಿಸುತ್ತ ಬೆಳೆದೆನು*
*ಮೀನ ಮಾರಿ ಮರೆತೆನು*
*ಇಂದು ಮತ್ತೆ ಕೂತೆ ನಾನು*

ಐದನೆಯ, ಆರನೆಯ, ಏಳನೆಯ ಸಾಲು ಹೇಗೋ ಬಂದವು. ಎಂಟಕ್ಕೆ ಬಾಯಿ ಕಟ್ಟಿತು. ಗಿಟಾರು ಅದೇ ಜಾಗವನ್ನು ಸುತ್ತತೊಡಗಿತು, ಎರಡು ಸುತ್ತು, ಮೂರು ಸುತ್ತು. ಯಾರೋ ಕೆಮ್ಮಿದರು. ಮುಗಿಯಿತು, ಮಾನ ಹೋಯಿತು ಎಂದುಕೊಂಡು ಅವಳು ತಲೆ ತಗ್ಗಿಸಿದಳು. ಆಗ ಕಂಡವು ಬೆರಳುಗಳು.

ಮಿಗ್ದಾಲಿಯಾ ಒರೆಸುವ ಬಟ್ಟೆಯ ಮೇಲೆ ಬೆರಳು ಬಡಿಯುತ್ತಿದ್ದಳು. ರಾಜಧಾನಿಯಿಂದ ಬಸ್ಸು ಹಿಡಿದು ಬಂದ ಹಳೆಯ ಶಿಷ್ಯರು ಟೋಪಿಯ ಅಂಚಿನ ಮೇಲೆ, ಹೆಂಗಸರು ಜಪಸರದ ಮೇಲೆ, ಪೊಲೀಸಿನವನು ಬೆಲ್ಟಿನ ಮೇಲೆ. ಇಸೀದ್ರೋ ಕೈ ಬೆನ್ನ ಹಿಂದೆ ಕಟ್ಟಿದ್ದ, ಆದರೂ ಅವನ ಮೊಣಕೈ ಅಲುಗುತ್ತಿತ್ತು. ಎಲ್ಲರೂ ಎಂಟರವರೆಗೆ ಎಣಿಸಿ, ಮತ್ತೆ ಒಂದಕ್ಕೆ ಬಂದು, ಅವಳಿಗಾಗಿ ಕಾಯುತ್ತಿದ್ದರು. ಎನೈದಾಳಿಗೆ ಅಳು ಬಂತು. ಅತ್ತುಕೊಂಡೇ ಹಾಡಿದಳು.

*ಹೊತ್ತಾಯಿತು, ಹೊರಟೆವು*
*ಕೂಗೊಮ್ಮೆ, ಕಿವಿ ಕಾದಿವೆ*

ಹತ್ತನೆಯ ಸಾಲನ್ನು ಅವಳೊಬ್ಬಳೇ ಹಾಡಬೇಕಾಗಿ ಬರಲಿಲ್ಲ. ಇಡೀ ಮನೆಯೇ ಹಾಡಿತು.

ಪೆಟ್ಟಿಗೆ ಅಂಗಳ ದಾಟಿ ಬೀದಿಗೆ ಇಳಿಯಿತು. ಜನರೆಲ್ಲ ಹಿಂದೆ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಎನೈದಾ ತಿರುಗಿ ನೋಡಿದಳು. ಎಲ್ಲರಿಗಿಂತ ಹಿಂದೆ ಉಳಿದ ಹೆಡ್‌ಮಾಸ್ತರ ಇಸೀದ್ರೋ, ಹೊರಗೆ ಬಂದಿದ್ದ ಒಂದು ಕೋಳಿಯನ್ನು ಕಾಲಲ್ಲಿ ಮೆಲ್ಲಗೆ ಒಳಕ್ಕೆ ತಳ್ಳಿ, ಗೇಟು ಎಳೆದು, ಚಿಲಕ ಕೂತಿದೆಯೋ ಇಲ್ಲವೋ ಎಂದು ಅಲುಗಿಸಿ ನೋಡುತ್ತಿದ್ದ.