ಬದುಕಿದ್ದ ಅಕ್ಕನಿಗೆ ಎಡೆ

ಮೆಕ್ಸಿಕೋದಿಂದ ಮೆಲ್ಬರ್ನಿಗೆ ಮರಳಿ ತಿಂಗಳಾಗುತ್ತ ಬಂದರೂ ಭಾಗೀರಥಿಗೆ ಗ್ಲೆನ್ ವೇವರ್ಲಿಯ ಸ್ವಂತ ಮನೆ ಯಾರದೋ ಮನೆಯಂತಿತ್ತು. ಬೆಳಗ್ಗೆ ಕಣ್ಣು ಬಿಟ್ಟವಳೇ ಅಲ್ಲಿನ ಇಗರ್ಜಿಯ ಗಂಟೆಗೆ ಕಾಯುತ್ತಿದ್ದಳು. ಕೇಳುತ್ತಿದ್ದುದು ಪಕ್ಕದ ಮನೆಯವರು ಕಾರು ತೆಗೆಯುವ ಸದ್ದು.

"ಮೂರು ತಿಂಗಳು ಟೂರ್ ಹೊಡದು ಬಂದಿ, ಇನ್ನೂ ಸಾಕಾಗಿಲ್ಲೇನು?" ಎಂದು ಗಂಡ ವಿರುಪಾಕ್ಷ ಛೇಡಿಸುತ್ತಿದ್ದ. ಟೂರ್ ಅಂತೆ! ಅವಳು ಅಲ್ಲಿ ದಿನಾ ಕೂತು ಅತ್ತದ್ದು ಅವನಿಗೇನು ಗೊತ್ತು?

ಅತ್ತದ್ದು ಸಿಡ್ನಿಯಲ್ಲಿರುವ ಅಕ್ಕ ಚನ್ನಕ್ಕನಿಗಾಗಿ. ಆ ಅಕ್ಕನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ೨೦೦೧ರಲ್ಲಿ ಹುಬ್ಬಳ್ಳಿಯಲ್ಲಿ ಅವ್ವ ಹಾಸಿಗೆ ಹಿಡಿದಾಗ ಚನ್ನಕ್ಕ ರಜೆ ಹಾಕಿ ಹೋಗಿದ್ದಳು. ಭಾಗೀರಥಿಯ ಪಿಆರ್, ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪರವಾನಗಿ, ಇನ್ನೂ ಕೈಗೆ ಬಂದಿರಲಿಲ್ಲ; ಅದು ಬರುವ ತನಕ ದೇಶ ಬಿಡುವಂತಿರಲಿಲ್ಲ. ಫೋನ್ ಮಾಡಿದಾಗೆಲ್ಲ ಅಕ್ಕ "ಅವ್ವ ಆರಾಮ ಅದಾಳ" ಎನ್ನುತ್ತಿದ್ದಳು. ಮಣ್ಣು ಮಾಡಿ ಬಂದ ಮೇಲೆ ನಿಜ ಹೇಳಿದಳು. "ನಿನ್ನ ಪಿಆರ್ ಕೆಡಬಾರದು ಅಂತ ಹೇಳ್ಲಿಲ್ಲ" ಅಂದಳು. ಅಂದು ಫೋನ್ ಇಟ್ಟ ಭಾಗೀರಥಿ ಅಕ್ಕನ ಕರೆಯನ್ನು ಮತ್ತೆ ಎತ್ತಲಿಲ್ಲ. ಅವಳ ಸಿಟ್ಟೆಂದರೆ ಸಾಮಾನ್ಯ ಸಿಟ್ಟಲ್ಲ ಬಿಡಿ.

೨೦೦೭ರ ಅಕ್ಟೋಬರಿನಲ್ಲಿ ವಿರುಪಾಕ್ಷನಿಗೆ ಮೆಕ್ಸಿಕೋದ ಕಾರ್ಖಾನೆಯೊಂದರಲ್ಲಿ ಮೂರು ತಿಂಗಳ ಕೆಲಸ ಬಿತ್ತು. ಹತ್ತಿರದ ಸಾನ್ ಮಿಗೆಲ್ ಎಂಬ ಊರಿನಲ್ಲಿ ಬಿಡಾರ. ಸ್ಪೇನಿನವರು ಕಟ್ಟಿದ ಊರು, ಕಾವಿ ಬಣ್ಣದ ಗೋಡೆಗಳು, ಉರುಟು ಕಲ್ಲಿನ ಓಣಿಗಳು, ಓಣಿ ತುಂಬ ಕ್ಯಾಮೆರಾ ಹಿಡಿದ ಪ್ರವಾಸಿಗರು. ಮನೆಯೊಡತಿ ರೊಸಾರಿಯೊ ವಿಧವೆ. ಅವಳು ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟುವಾಗ ಭಾಗೀರಥಿಯೂ ಪಕ್ಕದಲ್ಲಿ ಕೂತಳು. ಹುಬ್ಬಳ್ಳಿಯಲ್ಲಿ ರೊಟ್ಟಿ ಬಡಿದ ಕೈಗೆ ಅದನ್ನು ಕಲಿಸಬೇಕೆ? ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಕೈಸನ್ನೆಯಲ್ಲೇ ಎರಡು ವಾರದಲ್ಲಿ ಗೆಳೆತನವಾಯಿತು.

ನವೆಂಬರ್ ಎರಡಕ್ಕೆ ಸತ್ತವರ ಹಬ್ಬ ಬಂತು. ರೊಸಾರಿಯೊ ಪಡಸಾಲೆಯಲ್ಲಿ ಮೇಜಿಟ್ಟು, ಚೆಂಡುಹೂವು ಸುರಿದು, ತೀರಿಹೋದವರ ಫೋಟೋಗಳನ್ನು ಸಾಲಾಗಿ ಇಟ್ಟಳು. ತಲೆಗೊಂದು ಮೇಣದಬತ್ತಿ, ಮುಂದೆ ಅವರಿಗೆ ಇಷ್ಟವಾದ ಅಡುಗೆ. ಅರೆ, ಇದು ನಮ್ಮ ಹಿರಿಯರ ಹಬ್ಬವೇ, ಎಡೆಯೇ! ಭಾಗೀರಥಿ ಪರ್ಸಿನಿಂದ ಅವ್ವನ ಫೋಟೋ ತೆಗೆದು ಕೊಟ್ಟಳು. ಅದರಲ್ಲಿ ಅವ್ವನ ಪಕ್ಕ ಚನ್ನಕ್ಕನೂ ನಿಂತಿದ್ದಳು.

ರೊಸಾರಿಯೊ ಅವ್ವನ ಮೇಲೆ ಬೆರಳಿಟ್ಟು, ಮೇಲೆ ಆಕಾಶ ತೋರಿಸಿದಳು. ಭಾಗೀರಥಿ ಹೌದೆಂದು ತಲೆಯಾಡಿಸಿದಳು. ಬೆರಳು ಚನ್ನಕ್ಕನ ಮೇಲೆ ಬಂತು. ಇವಳೂ?

ಭಾಗೀರಥಿ ಅದಕ್ಕೂ ತಲೆಯಾಡಿಸಿದಳು. ಬೇಕೆಂದೇ ಆಡಿಸಿದಳು.

ಅಯ್ಯೋ ದೇವರೇ, ಬದುಕಿರುವವರಿಗೆ ಯಾರಾದರೂ ಎಡೆ ಇಡುತ್ತಾರೆಯೇ? ಫೋಟೋದ ಮುಂದೆ ಅಕ್ಕನ ಹೆಸರಿನ ಎರಡನೆಯ ಬತ್ತಿಯೂ ಹೊತ್ತಿತು. ಭಾಗೀರಥಿ ಫೋಟೋ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಬ್ಬ ಮುಗಿದ ಮೇಲೂ ರೊಸಾರಿಯೊ ಆ ಫೋಟೋವನ್ನು ಅಡುಗೆಮನೆಯಲ್ಲಿಟ್ಟು, ದಿನಾ ಬೆಳಗ್ಗೆ ದೀಪ ಹಚ್ಚಿ, ಭಾಗೀರಥಿಯ ಕೈ ಹಿಡಿದು ಕೂರತೊಡಗಿದಳು. ಮೊದಮೊದಲು ಸುಳ್ಳು ದುಃಖ. ಮೂರನೆಯ ದಿನ ನಿಜವಾದ ಅಳುವೇ ಒತ್ತರಿಸಿ ಬಂತು. ಬಿಗಿಯಾಗಿ ಹೆರಳು ಹಾಕಿ ಬೈಯುತ್ತಿದ್ದ ಅಕ್ಕ, ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ದವಾಖಾನೆಗೆ ಓಡಿದ ಅಕ್ಕ. ಆ ಊರಿನಲ್ಲಿ ಅಕ್ಕ ಬೇಕು ಎಂದು ಎಷ್ಟು ಬೇಕಾದರೂ ಅಳಬಹುದಿತ್ತು. ಮೆಲ್ಬರ್ನಿನಲ್ಲಿ ಯಾರ ಮುಂದೆ ಅಳುವುದು? ಫೋನ್ ಮಾಡಬಾರದೇನು ಅನ್ನುತ್ತಾರೆ. ಅದಕ್ಕೇ ಅವಳಿಗೆ ಆ ಅಡುಗೆಮನೆ ಅಷ್ಟು ಬೇಕಾಗಿತ್ತು.

ಹೀಗಿರುವಾಗ, ಮೆಲ್ಬರ್ನಿಗೆ ಬಂದ ತಿಂಗಳಿಗೆ, ಒಂದು ಗುರುವಾರ ಸಿಡ್ನಿಯ ಗೆಳತಿ ಸಂಧ್ಯಾರಾಣಿ ಫೋನ್ ಮಾಡಿದಳು. "ನಿಮ್ಮಕ್ಕಗ ದೊಡ್ಡ ಆಪರೇಶನ್ ಆತಲ್ಲ, ಗೊತ್ತಿಲ್ಲೇನು? ದೀಪಾವಳಿಗಿಂತ ಒಂದು ವಾರ ಮೊದಲ. ಜೀವಾ ಉಳಿದದ್ದ ಹೆಚ್ಚು."

ಆ ಸಲದ ದೀಪಾವಳಿ ನವೆಂಬರ್ ಒಂಬತ್ತಕ್ಕೆ. ಅದಕ್ಕೆ ಒಂದು ವಾರ ಮೊದಲು ಅಂದರೆ ಎಡೆ ಇಟ್ಟ ದಿನ! ಭಾಗೀರಥಿ ಅಂದೇ ಟಿಕೆಟ್ ತೆಗೆದಳು. ಶನಿವಾರ ಸಿಡ್ನಿಗೆ ಹಾರಿ, ಕ್ವೇಕರ್ಸ್ ಹಿಲ್ ಸ್ಟೇಷನ್ನಿನಲ್ಲಿ ಇಳಿದು, ಬಿಸಿಲಲ್ಲಿ ನಡೆದೇ ಹೋಗಿ ಅಕ್ಕನ ಮನೆಯ ಬೆಲ್ ಒತ್ತಿದಳು.

ಬಾಗಿಲು ತೆರೆದ ಚನ್ನಕ್ಕ ಅರ್ಧ ಆಳಾಗಿದ್ದಳು. "ಬಂದೇನವಾ?" ಅಂದಳು.

ಭಾಗೀರಥಿ ಹೊಸ್ತಿಲ ಹೊರಗೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. "ನಾನ ನಿನ್ನ ಸಾಯಿಸಿದ್ದೆ, ಅಕ್ಕಾ."

ಚನ್ನಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. "ಎಡಿಯಾಗ ಏನೇನ್ ಇಟ್ಟಿದ್ರಿ?"

"ಬ್ರೆಡ್ಡು, ಬಾಳೆಹಣ್ಣು... ಚಾಕಲೇಟ್ ಹಾಕಿದ ಸಾರು."

"ಥೂ! ನನಗ ಒಂದು ಹೋಳಿಗಿ ಮಾಡಾಕ ಆಗ್ಲಿಲ್ಲೇನ ನಿನಗ?"

ಭಾಗೀರಥಿ ನಗಲಾರದೆ ನಕ್ಕಳು. ಅಕ್ಕ ಅವಳ ತೋಳು ಹಿಡಿದು ಒಳಗೆ ಕರೆದು ಕೂರಿಸಿದಳು.

"ನನ್ನ ಸಲುವಾಗಿ ಅತ್ತೇನ?"

"ದಿನಾ ಅತ್ತೆ."

"ಅವ್ವನ ಸಲುವಾಗಿ?"

ಭಾಗೀರಥಿ ಎರಡು ಬತ್ತಿಗಳ ಮುಂದೆ ಅಷ್ಟು ದಿನ ಕೂತಿದ್ದಳು, ಅವ್ವನಿಗೆಂದು ಒಂದು ಹನಿ ಬಿದ್ದಿರಲಿಲ್ಲ. ಆರು ವರ್ಷವೂ ಬಿದ್ದಿರಲಿಲ್ಲ. ಅಷ್ಟೂ ಜಾಗವನ್ನು ಸಿಟ್ಟು ತುಂಬಿತ್ತು.

"ನಾನ ನಿನಗ ಅಳಾಕ ಬಿಡ್ಲಿಲ್ಲ, ತಪ್ಪಾತು" ಎಂದಳು ಚನ್ನಕ್ಕ. "ಕಡೀ ದಿನ ಅವ್ವಗ ಕಣ್ಣು ಕಾಣ್ತಿರ್ಲಿಲ್ಲ. ಕೈ ಚಾಚಿ, ಭಾಗಿ ಬಂದ್ಲೇನ ಅಂತ ಕೇಳಿದ್ಲು. ಹೂಂ ಅವ್ವಾ, ನಾನ ಭಾಗಿ, ಬಂದೀನಿ ಅಂದೆ. ನನ್ನ ಕೈ ಹಿಡಕೊಂಡು, ನಿನ್ನ ಹೆಸರು ಹೇಳ್ಕೋತನ ಹೋದ್ಲು. ನನ್ನ ಕೇಳ್ಲೇ ಇಲ್ಲ, ಭಾಗಿ."

ಭಾಗೀರಥಿ ಅಕ್ಕನ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅದರಲ್ಲಿ ಮುಖ ಹುದುಗಿಸಿ, ಅವ್ವನಿಗಾಗಿ ಅತ್ತಳು.