ಲದ್ದಿಯಲ್ಲಿ ಉಳಿದದ್ದು

ಮಾರ್ಲಿಸ್ ಓಬರ್ಗ್ ಆ ವರ್ಷ ತೋಟಕ್ಕೆ ವಿಷ ಹೊಡೆಯುವುದನ್ನೂ ಅಂಗಡಿಯ ಗೊಬ್ಬರ ಹಾಕುವುದನ್ನೂ ಪೂರ್ತಿ ನಿಲ್ಲಿಸಿದ್ದಳು. ಮಿನ್ನೆಸೋಟದ ಆ ಸಣ್ಣ ಊರಿನಲ್ಲಿ ಮಿಂಚುಹುಳು ಕಾಣದೆ ಎಷ್ಟೋ ಬೇಸಿಗೆಗಳು ಕಳೆದಿದ್ದವು. ವಿಷದಿಂದಲೇ ಅವು ಹೋದವೆಂದು ಅವಳಿಗೆ ಕೊರಗು. ಮನೆ ಮುಂದಿನ ಹುಲ್ಲುಹಾಸನ್ನು ಅಗೆದು ಪಾತಿ ಮಾಡಿದಳು. ಶಾಲೆಯಲ್ಲಿ ಜೊತೆಗೆ ಓದಿದ್ದ ಗೋರ್ಡಿಯ ಕುದುರೆ ಲಾಯದಿಂದ ಚೆನ್ನಾಗಿ ಕೊಳೆತ ಲದ್ದಿ ತಂದು ಸುರಿದಳು. ಅಷ್ಟಕ್ಕೇ ಬಿಡದೆ ಪಕ್ಕದ ಮನೆಯ ಮುದುಕಿ ಬರ್ನೀಸಳನ್ನೂ ಒಪ್ಪಿಸಿ ಅವಳ ಪಾತಿಗೂ ಅದನ್ನೇ ಹಾಕಿಸಿದಳು. ಬರ್ನೀಸ್ ತನ್ನ ಟೊಮೆಟೊಗಳನ್ನು ಬೇಯಿಸಿ ಬಾಟಲಿಗೆ ತುಂಬಿಟ್ಟು ಚಳಿಗಾಲವಿಡೀ ಅದರಲ್ಲೇ ಅಡುಗೆ ಮಾಡುವವಳು.

"ಈ ವಾಸ್ನೆಗೆ ಪಾದ್ರಿ ನಮ್ಮ ಬೀದಿಗೇ ಬರಲ್ಲ ಕಣೇ," ಎಂದು ಮುದುಕಿ ಮೂಗು ಮುಚ್ಚಿಕೊಂಡಿದ್ದಳು.

"ಆಗಸ್ಟ್‌ನಲ್ಲಿ ಟೊಮೆಟೊ ಕೇಳ್ಕೊಂಡು ಬರ್ತಾರೆ, ನೋಡ್ತಿರಿ."

ಜೂನ್ ಹೊತ್ತಿಗೆ ಎರಡೂ ಮನೆಗಳ ಟೊಮೆಟೊ ಗಿಡಗಳ ಚಿಗುರು ಸುರುಳಿ ಸುತ್ತಿಕೊಳ್ಳತೊಡಗಿತು. ಕಾಂಡ ತಿರುಚಿಕೊಂಡಿತು. ಮಾರ್ಲಿಸ್ ನೀರು ಹೆಚ್ಚು ಮಾಡಿ ನೋಡಿದಳು, ಕಡಿಮೆ ಮಾಡಿ ನೋಡಿದಳು. ರೋಗವಿರಬಹುದೆಂದು ಎಲೆಗಳನ್ನು ಚಿವುಟಿದಳು. ಗಿಡ ಬಡವಾಗಿದೆಯೆಂದು ಇನ್ನೊಂದು ಬುಟ್ಟಿ ಲದ್ದಿಯನ್ನೂ ಹಾಕಿದಳು. ಮಾರನೆಯ ವಾರ ಬೀನ್ಸ್ ಬಳ್ಳಿಗಳೂ ಮುದುಡಿದವು.

ಕೃಷಿ ಕಚೇರಿಯಿಂದ ಬಂದ ಹೆಂಗಸು ಎಲೆ ಮುಟ್ಟಿ, ಪಾತಿಯ ಲದ್ದಿ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಈ ಲದ್ದಿ ಹಾಕಿದ ಕುದುರೆಗಳು ಎಲ್ಲಿಯ ಹುಲ್ಲು ತಿನ್ನುತ್ವೆ?"

"ಗೊತ್ತಿಲ್ಲ. ಯಾಕೆ?"

"ಹುಲ್ಲುಗಾವಲಿಗೆ ಕಳೆನಾಶಕ ಹೊಡೆದಿರ್ತಾರೆ. ಕುದುರೆಗೆ ಏನೂ ಆಗಲ್ಲ. ಆದ್ರೆ ವಿಷ ಹೊಟ್ಟೇಲಿ ಸಾಯಲ್ಲ, ಲದ್ದೀಲಿ ಹಾಗೇ ಬರುತ್ತೆ. ಕೊಳೆತ್ರೂ ಬೇಗ ಹೋಗಲ್ಲ."

"ಎಷ್ಟು ದಿನ ಇರುತ್ತೆ?"

"ದಿನ ಅಲ್ಲ, ವರ್ಷಗಳೇ ಹಿಡೀಬಹುದು. ಹುಲ್ಲಿಗೆ ಮಾತ್ರ ತೊಂದ್ರೆ ಇಲ್ಲ. ಸದ್ಯಕ್ಕೆ ಹುಲ್ಲು ಹಾಕ್ಬಿಡಿ."

ಹುಲ್ಲು! ಕೈಯಲ್ಲಿ ಬೊಬ್ಬೆ ಬರುವಂತೆ ಅಗೆದು ಎಸೆದ ಹುಲ್ಲು. ಮಾರ್ಲಿಸ್ ನಂಬಲಿಲ್ಲ. ಒಂದು ಕುಂಡಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಲದ್ದಿ ಬೆರೆಸಿದ ಮಣ್ಣು ತುಂಬಿ ಬೀನ್ಸ್ ಬೀಜ ಊರಿದಳು. ಮೊದಲನೆಯದರಲ್ಲಿ ಸಸಿ ನೆಟ್ಟಗೆ ಎದ್ದಿತು. ಎರಡನೆಯದರಲ್ಲಿ ಎಲೆ ಬಿಚ್ಚುವ ಮೊದಲೇ ತಿರುಚಿಕೊಂಡಿತು. ಅವಳು ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಳು.

ಬರ್ನೀಸಳಿಗೆ ಹೇಳಲೇಬೇಕಿತ್ತು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, "ಮುಂದಿನ ವರ್ಷ?" ಎಂದಳು.

"ಆಗೋದು ಅನುಮಾನ."

"ನನ್ನ ವಯಸ್ಸಿಗೆ ಅದರಾಚೆ ವರ್ಷದ ಮಾತು ಆಡ್ಬೇಡ ಮಾರಾಯ್ತಿ." ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಲಿಸ್ ನೇರ ಗೋರ್ಡಿಯ ಲಾಯಕ್ಕೆ ಹೋದಳು. ಅಲ್ಲಿ ಯಾರೋ ಗಂಡ ಹೆಂಡತಿ ಪಿಕಪ್‌ಗೆ ಲದ್ದಿ ತುಂಬುತ್ತಿದ್ದರು. ಅವಳು ಓಡಿಹೋಗಿ ಆ ಗಂಡಸಿನ ಕೈಯಿಂದ ಸಲಿಕೆ ಕಿತ್ತುಕೊಂಡಳು.

"ಇಳಿಸಿ! ಎಲ್ಲಾ ಇಳಿಸಿ! ಇದ್ರಲ್ಲಿ ವಿಷ ಇದೆ!"

"ತಲೆ ಕೆಟ್ಟಿದೆಯೇನೇ?" ಎಂದು ಗೋರ್ಡಿ ಹೊರಗೆ ಬಂದ. ಅವಳು ತೊದಲುತ್ತ ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು. "ಹೋದ್ವರ್ಷ ನಮ್ಮ ಹುಲ್ಲು ಸಾಲ್ಲಿಲ್ಲ. ಹೊರಗಿಂದ ತರಿಸ್ದೆ. ಏನು ಹೊಡೆದಿದ್ರು ಅಂತ ನಾನು ಕೇಳ್ಲೇ ಇಲ್ಲ ಕಣೇ."

"ನಾನೂ ನಿನ್ನ ಕೇಳ್ಲಿಲ್ಲ. ಇನ್ನೂ ಯಾರ್ಯಾರಿಗೆ ಕೊಟ್ಟಿದ್ದೀಯ?"

ಗೋರ್ಡಿ ಬೆರಳು ಮಡಿಸಿ ಎಣಿಸತೊಡಗಿದ; ಅರ್ಧಕ್ಕೇ ಕೈ ಇಳಿಬಿಟ್ಟ. "ಕೇಳ್ದೋರಿಗೆಲ್ಲಾ."

ಗಂಡ ಹೆಂಡತಿ ಪಿಕಪ್ ಖಾಲಿ ಮಾಡಿದರು. ಮಾರ್ಲಿಸ್ ಗೋರ್ಡಿಯನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಲದ್ದಿ ಒಯ್ದವರ ಮನೆಗಳಿಗೆ ಹೊರಟಳು. ಅದನ್ನು ಇನ್ನೂ ತೋಟಕ್ಕೆ ಹಾಕದೆ ಇಟ್ಟವರಾದರೂ ಉಳಿಯಲಿ ಎಂಬ ಆಸೆ.

ಮೊದಲ ಮನೆಯ ಅಂಗಳದಲ್ಲಿ ಒಬ್ಬ ಮುದುಕ ಪಾತಿಯ ಪಕ್ಕ ಮಂಡಿಯೂರಿದ್ದ. ಗೋರ್ಡಿಯನ್ನು ಕಂಡು ಅವನ ಮುಖ ಅರಳಿತು.

"ಒಳ್ಳೇ ಟೈಮಿಗೆ ಬಂದೆ ಮಾರಾಯ. ಈ ಗಿಡಗಳಿಗೆ ಏನಾಗಿದೆ ಸ್ವಲ್ಪ ನೋಡು."